ಇಫಿಕೇಟಿನ ಬೇರು

ಊರೆಲ್ಲ ಆಡುವ ಮಾತೊಂದನ್ನು ಹಿಡಿದು, ಅದನ್ನು ಮೊಟ್ಟಮೊದಲು ಬರೆದವರು ಯಾರೆಂದು ಹೇಳಬಲ್ಲ ಯಂತ್ರವೊಂದಿದ್ದರೆ ಹೇಗೆ? ಧಾರವಾಡದ ನುಡಿಜಾಡು ಸಂಶೋಧನಾಲಯದಲ್ಲಿ ಅಂಥದೊಂದು ಇತ್ತು. ಅದಕ್ಕೆ ಬೇರುಗಾಣಿ ಎಂದು ಹೆಸರಿಟ್ಟವಳು ಅಕ್ಷತಾ ಮುಳಗುಂದ. ಯಂತ್ರವನ್ನು ಒಂಬತ್ತು ವರ್ಷ ಕೂತು ಕಟ್ಟಿದವಳೂ ಅವಳೇ.

ಬೇರುಗಾಣಿ ಕೆಲಸ ಮಾಡುವ ರೀತಿ ಬಹಳ ಜಟಿಲವೇನಲ್ಲ. ನೆಗಡಿಯ ವೈರಾಣು ಒಬ್ಬರಿಂದ ಇನ್ನೊಬ್ಬರಿಗೆ ದಾಟುವಾಗ ಒಂದಿಷ್ಟು ಬದಲಾಗುತ್ತದೆ. ಆ ಬದಲಾವಣೆಗಳನ್ನು ಹಿಮ್ಮುಖವಾಗಿ ಓದಿದರೆ ಯಾರಿಂದ ಯಾರಿಗೆ ಬಂತೆಂದು ತಿಳಿಯುತ್ತದೆ. ಪದಗಳೂ ಹಾಗೆಯೇ. ಒಬ್ಬರು ಒತ್ತಕ್ಷರ ಬಿಡುತ್ತಾರೆ, ಇನ್ನೊಬ್ಬರು ಕೊನೆಗೊಂದು 'ಉ' ಸೇರಿಸುತ್ತಾರೆ, ಮತ್ತೊಬ್ಬರು ನಗುವ ಮುಖದ ಬದಲು ಅಳುವ ಮುಖ ಹಾಕುತ್ತಾರೆ. ಇಪ್ಪತ್ತು ವರ್ಷ ಹಳೆಯ ಸಂದೇಶಗಳನ್ನು ಹೆಸರು, ಚಿತ್ರ ಅಳಿಸಿ ಸಂಶೋಧನೆಗೆ ಕೊಡಬೇಕೆಂಬ ಕಾನೂನು ಬಂದ ಮೇಲೆ ಬೇರುಗಾಣಿಗೆ ಓದಲು ಕೋಟಿಗಟ್ಟಲೆ ಮಾತು ಸಿಕ್ಕವು. ಬರೆದವರ ಹೆಸರು ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಇಂಥ ದಿನ, ಇಂಥ ಹೊತ್ತು, ಇಂಥ ಅಂಕಿಯ ಬಳಕೆದಾರ, ಇಷ್ಟು ಮಾತ್ರ ಹೇಳುತ್ತಿತ್ತು.

ಆ ವರ್ಷ ರಾಜ್ಯದ ಹೊಸ ಪದಕೋಶಕ್ಕೆ ಮೊದಲ ಬಾರಿಗೆ ಅಂತರ್ಜಾಲದಲ್ಲಿ ಹುಟ್ಟಿದ ಒಂದು ಪ್ರತ್ಯಯ ಸೇರುವುದಿತ್ತು: '-ಇಫಿಕೇಟು'. ಅದನ್ನು ಬಳಸದ ಕನ್ನಡಿಗರೇ ಇರಲಿಲ್ಲ. ಪ್ರೀತಿ ಒಪ್ಪಿಕೊಂಡರೆ ಲವ್ವಿಫಿಕೇಟು, ಪಂದ್ಯ ಸೋತವರಿಗೆ ಸೋತಿಫಿಕೇಟು. ಹುಸಿ ವಿಡಿಯೋಗಳ ಹಾವಳಿ ಹೆಚ್ಚಾದ ಮೇಲೆ ಸುದ್ದಿಯ ತುಣುಕುಗಳಿಗೆ ಸರ್ಕಾರವೇ ಒಂದು ಹಸಿರು ಮುದ್ರೆ ಹಾಕತೊಡಗಿತಲ್ಲ, ಅದನ್ನು ಜನ ನಂಬಿಫಿಕೇಟು ಎಂದು ಕರೆದರು. ಆರು ತಿಂಗಳಲ್ಲಿ ಸರ್ಕಾರದ ಸುತ್ತೋಲೆಯಲ್ಲೂ ಅದೇ ಪದ ಬಂತು. ತಮಾಷೆಗೆಂದು ಹುಟ್ಟಿದ ಒಂದು ಬಾಲ ಇಪ್ಪತ್ತು ವರ್ಷದಲ್ಲಿ ವ್ಯಾಕರಣವಾಗಿತ್ತು. ಅದರ ಹುಟ್ಟಿನ ಕಥೆ ಬರೆದುಕೊಡಿ ಎಂದು ಪದಕೋಶದ ಮಂಡಳಿ ಸಂಶೋಧನಾಲಯವನ್ನು ಕೇಳಿತ್ತು.

ಬುಧವಾರ ಮಧ್ಯಾಹ್ನ ಬೇರುಗಾಣಿ ಹುಡುಕಾಟ ಮುಗಿಸಿತು. ನಿರ್ದೇಶಕ ಇಸ್ಮಾಯಿಲ್ ನದಾಫ್ ಗಿರ್ಮಿಟ್ಟಿನ ಪೊಟ್ಟಣ ಹಿಡಿದುಕೊಂಡೇ ಪರದೆಯ ಮುಂದೆ ಬಂದು ನಿಂತರು. ಸಂಶೋಧನಾ ವಿದ್ಯಾರ್ಥಿನಿ ಸಹನಾ ಗಟ್ಟಿಯಾಗಿ ಓದಿದಳು.

"ಬಳಕೆದಾರ ಏಳುನೂರಾ ಹದಿನೆಂಟು. ಇಪ್ಪತ್ನಾಲ್ಕು ವರ್ಷದ ಹಿಂದ. ಮುಂಜಾನೆ ಹನ್ನೊಂದು ನಲವತ್ತೆರಡು. 'ಇವತ್ತಿನ ಜೋಕು ಕೇಳ್ರಿ. ಒಬ್ಬಾಕಿ ಬಂದು ಸತ್ತಿಫಿಕೇಟು ಕೊಡ್ರಿ ಅಂದ್ಲು. ನಗು ತಡಕೊಂಡು ನಾ ಸತ್ತೆ. ನನಗೂ ಒಂದು ಸತ್ತಿಫಿಕೇಟು ಕೊಡ್ರಪೋ.' ಆಮ್ಯಾಲೆ ಏಳು ನಗೂ ಮುಖ. ಅದರ ಬೆನ್ನಿಗೇ ಒಂದು ಚಿತ್ರ ಅದ ಸರ್, ಆದ್ರ ಅಳಿಸ್ಯಾರ."

ನದಾಫ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಸತ್ತ, ಸರ್ಟಿಫಿಕೇಟು! ಏನ್ ಜೋಡಣಿ ಅಂತೀನಿ! ಇದನ್ನ ಬರದಾವ ಯಾವನರ ಇರ್ಲಿ, ಅವಂಗ ಒಂದು ಶಾಲು ಹೊದಿಸಬೇಕು. ಅಲ್ಲೇನ್ರಿ ಅಕ್ಷತಾ?"

ಅಕ್ಷತಾ ಪರದೆಯ ಹತ್ತಿರ ಬಾಗಿದಳು. ಪರದೆಯಲ್ಲಿ ಖಾಲಿ ಬಿಟ್ಟಿದ್ದ ಆ ಚಿತ್ರದ ಚೌಕದಲ್ಲಿ ಏನಿತ್ತೆಂದು ಆ ಕೋಣೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಬಾಗಿಲಿಗೆ ಮುಖ ಮಾಡಿದ ಬೆಂಚು, ಅದರ ಮೇಲೆ ಹಸಿರು ಸೀರೆ ಉಟ್ಟು ಬೆನ್ನು ತಿರುಗಿಸಿ ಕೂತ ಹೆಂಗಸು. ಫೋನನ್ನು ಮೇಜಿನ ಅಂಚಿಗೆ ಆನಿಸಿ, ಕಾಣದಂತೆ ತೆಗೆದ ಫೋಟೋ.

ಆಗ ಅವಳಿಗೆ ಹತ್ತೊಂಬತ್ತು. ಡಿಗ್ರಿಯ ರಜೆಯಲ್ಲಿ ಮೂರು ತಿಂಗಳ ಮಟ್ಟಿಗೆ ತಮ್ಮೂರಿನ ಪುರಸಭೆಯ ಜನನ-ಮರಣ ವಿಭಾಗದಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದಳು. ಆ ಹೆಂಗಸು ಬಂದಳು, ಮಾತಾಡಿದಳು. ಅರ್ಜಿ ತುಂಬಿಸಿಕೊಂಡು, ಕೂಡ್ರಿ, ಅರ್ಧ ತಾಸಿನಲ್ಲಿ ಕೊಡುತ್ತೇನೆ ಎಂದಳು ಅಕ್ಷತಾ. ಆಕೆ ಬೆಂಚಿನ ಮೇಲೆ ಕಾಯುತ್ತಿದ್ದಾಗಲೇ ಮೇಜಿನ ಕೆಳಗೆ ಗೆಳತಿಯರ ಗುಂಪಿಗೆ ಆ ಜೋಕು ಕಳಿಸಿದ್ದಳು. ಅರ್ಜಿಯಲ್ಲಿ ಸತ್ತವರ ವಯಸ್ಸಿನ ಮುಂದೆ ಎಂಟು ಎಂದು ಇತ್ತು. ಅದನ್ನು ಟೈಪು ಮಾಡಿದ್ದೂ ಅವಳ ಬೆರಳುಗಳೇ. ಈ ಎರಡನ್ನೂ ಒಟ್ಟಿಗೆ ಅವಳು ಎಂದೂ ನೆನೆದಿರಲಿಲ್ಲ.

"ಹನ್ನೆರಡು ದಿನದಾಗ ಟಿಪ್ಪಣಿ ಬರದುಬಿಡ್ರಿ. ನೀವಽ ಬರೀರಿ, ನಿಮ್ಮ ಯಂತ್ರ ಅದು," ಎಂದರು ನದಾಫ್.

ಸಂಜೆ ಮನೆಗೆ ಬಂದರೆ, ಹದಿಮೂರರ ಮಗಳು ಇಂಚರಾ ಬಾಗಿಲಲ್ಲೇ ಕೈ ಚಾಚಿದಳು. "ಮಮ್ಮಿ, ನಾಳೆ ಪಿ.ಟಿ. ಕ್ಲಾಸಿಗೆ ನನಗೊಂದು ಜ್ವರಿಫಿಕೇಟು ಬರದುಕೊಡು. ಪಪ್ಪಾ ಒಲ್ಲೆ ಅಂದ್ರ."

"ಆ ಮಾತು ಆಡಬ್ಯಾಡ!"

ಅಡುಗೆಮನೆಯಲ್ಲಿ ಬದನೆಕಾಯಿ ಹೆಚ್ಚುತ್ತಿದ್ದ ಗಂಡ ವಿನಯ ಚಾಕು ಹಿಡಿದುಕೊಂಡೇ ಹೊರಗೆ ಬಂದ. ಇಂಚರಾ ಬಿಟ್ಟ ಕಣ್ಣು ಬಿಟ್ಟಂತೆ ನಿಂತಿದ್ದಳು. ಒಂಬತ್ತು ವರ್ಷದಿಂದ ಊಟಕ್ಕೆ ಕೂತಾಗ ಹೊಸ ಹೊಸ ಪದಗಳನ್ನು ಹೇಳಿಸಿ ಬರೆದುಕೊಳ್ಳುತ್ತಿದ್ದ ತಾಯಿ ಹೀಗೆ ಅಂದದ್ದು ಅವಳಿಗೆ ಅರ್ಥವಾಗಲಿಲ್ಲ.

"ಏನಾತು?" ಎಂದ ವಿನಯ.

"ಏನಿಲ್ಲ. ತಲಿ ನೋವು," ಎಂದು ಅಕ್ಷತಾ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟಳು. ಕನ್ನಡಿ ನೋಡಲು ಮನಸ್ಸಾಗಲಿಲ್ಲ.

ಮರುದಿನ ಮಾಡಿದ ಕೆಲಸ ಮೊದಲಿನದಕ್ಕಿಂತ ಕೆಟ್ಟದ್ದು. ಬೇರುಗಾಣಿಗೆ ಒಂದು ಮಿತಿ ಇದೆ. ನೂರಕ್ಕೆ ತೊಂಬತ್ತರಷ್ಟು ಖಾತ್ರಿ ಇದ್ದರೆ ಮಾತ್ರ ಇದು ಬೇರು ಎಂದು ಅದು ಒಪ್ಪುತ್ತದೆ. ಬೆಳಿಗ್ಗೆ ಯಾರೂ ಬರುವ ಮೊದಲೇ ಬಂದ ಅಕ್ಷತಾ ಆ ತೊಂಬತ್ತನ್ನು ತೊಂಬತ್ತೇಳು ಮಾಡಿದಳು. ತನ್ನ ಸಂದೇಶದ ಖಾತ್ರಿ ತೊಂಬತ್ತಾರೆಂದು ಅವಳಿಗೆ ಗೊತ್ತಿತ್ತು. ಬೇರು ಎರಡು ದಿನ ಮುಂದಕ್ಕೆ ಸರಿದು, ಸಾವಿರಾರು ಜನ ನೋಡುತ್ತಿದ್ದ ಒಂದು ಹಾಸ್ಯದ ಪುಟಕ್ಕೆ ಹೋಗಿ ಕೂತಿತು. ಅಲ್ಲಿ ಹೆಂಗಸೂ ಇರಲಿಲ್ಲ, ಬೆಂಚೂ ಇರಲಿಲ್ಲ. 'ಪರೀಕ್ಷೆಯಲ್ಲಿ ಫೇಲಾದ ಎಲ್ಲರಿಗೂ ಸತ್ತಿಫಿಕೇಟು' ಎಂದಿತ್ತು. ಚೊಕ್ಕ ಜೋಕು.

ಹತ್ತು ಗಂಟೆಗೆ ಬಂದ ಸಹನಾ ಪರದೆ ನೋಡಿ ಹುಬ್ಬು ಗಂಟಿಕ್ಕಿದಳು. "ಮೇಡಂ, ನಿನ್ನೆ ಬ್ಯಾರೆ ಬಂದಿತ್ತಲ್ರಿ? ಏಳುನೂರಾ ಹದಿನೆಂಟು?"

"ಅದು ಬರೇ ಗದ್ದಲ, ಖರೇ ಬೇರಲ್ಲ. ಮಿತಿ ಸಡಿಲ ಇತ್ತು, ಬಿಗಿ ಮಾಡೇನಿ."

"ಹೌದೇನ್ರಿ? ನಾನು ನನ್ನ ಪ್ರಬಂಧದಾಗ ತೊಂಬತ್ತಽ ಹಿಡದೇನಿ. ಅದೂ ತಪ್ಪೇನ್ರಿ? ಎಲ್ಲಾ ತಿದ್ದತೀನಿ ಹಂಗಾದ್ರ." ಸಹನಾ ಪುಸ್ತಕ ತೆಗೆದು, ಮೂರು ವರ್ಷದ ಕೆಲಸದ ಅಂಕಿಯ ಮೇಲೆ ಪೆನ್ನಿನಿಂದ ಗೀಟು ಎಳೆಯಲು ಹೊರಟಳು. ಆ ಹುಡುಗಿಗೆ ತನ್ನ ಗುರುವಿನ ಮೇಲೆ ಅಷ್ಟು ನಂಬಿಕೆ ಇತ್ತು.

"ಸಹನಾ, ತಡಿ. ತಿದ್ದಬ್ಯಾಡ." ಅಕ್ಷತಾ ಪುಸ್ತಕದ ಮೇಲೆ ಕೈ ಇಟ್ಟಳು. "ತೊಂಬತ್ತಽ ಸರಿ. ನಾನಽ ಸುಳ್ಳು ಹೇಳಿದೆ." ಹುಡುಗಿ ಪೆನ್ನು ಕೆಳಗಿಟ್ಟಳು. ಅಕ್ಷತಾ ಅಂಕಿಯನ್ನು ಮೊದಲಿನಂತೆ ಮಾಡಿ, ಚೀಲ ಎತ್ತಿಕೊಂಡು ಹೊರಟುಬಿಟ್ಟಳು.

ಭಾನುವಾರ ಒಬ್ಬಳೇ ಬಸ್ಸು ಹತ್ತಿ ತಮ್ಮೂರಿಗೆ ಹೋದಳು. ತವರಿನವರು ಆ ಊರು ಬಿಟ್ಟು ಬಹಳ ವರ್ಷವಾಗಿತ್ತು. ಅರ್ಜಿಯಲ್ಲಿ ಟೈಪು ಮಾಡಿದ್ದ ತಾಯಿಯ ಹೆಸರು, ಓಣಿಯ ಹೆಸರು ಈಗ ಬೇಡವೆಂದರೂ ಕಣ್ಣ ಮುಂದೆ ಬರುತ್ತಿದ್ದವು. ಕುಂಬಾರ ಓಣಿಯ ಮೂಲೆಯಲ್ಲಿ ನೀರು ತುಂಬುತ್ತಿದ್ದ ಒಬ್ಬಾಕೆಯನ್ನು ನಿಲ್ಲಿಸಿ, ಫಕೀರವ್ವ ಬಾರಕೇರ ಅವರ ಮನೆ ಯಾವುದೆಂದು ಕೇಳಿದಳು.

"ಯಾವ ಫಕೀರವ್ವರೀ? ಇಲ್ಲಿ ಇಬ್ಬರು ಅದಾರ. ಸತ್ತಿಫಿಕೇಟ ಫಕೀರವ್ವನ?"

ಆಕೆಯ ದನಿಯಲ್ಲಿ ಕುಹಕವೇನೂ ಇರಲಿಲ್ಲ. ಕುಂಟ ನಿಂಗಪ್ಪ, ಕೆಂಪು ಬಾಗಿಲ ಮನೆ ಅನ್ನುವಂತೆ ಗುರುತಿಗೆ ಅಂದದ್ದು. ಅಕ್ಷತಾ ಹೌದೆಂದು ತಲೆಯಾಡಿಸಿದಳು; ಹಾಗೆ ತಲೆಯಾಡಿಸಿದ್ದಕ್ಕೂ ನಾಚಿಕೆಯಾಯಿತು.

ಫಕೀರವ್ವ ಪಡಸಾಲೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಅರವತ್ತರ ಹತ್ತಿರದ, ಸಣ್ಣ ಮೈಕಟ್ಟಿನ ಹೆಂಗಸು. ಯಾರೆಂದು ತಿಳಿಯದಿದ್ದರೂ ಚಾಪೆ ಸರಿಸಿ, "ಕುಂದ್ರು ಬಾರವಾ," ಎಂದರು.

ಅಕ್ಷತಾ ಕೂತಳು. "ಅವ್ವಾರ, ನಾ ಪುರಸಭೆಯಾಗ ಇದ್ದೆ. ಭಾಳ ವರ್ಷದ ಹಿಂದ. ಕಂಪ್ಯೂಟರ್ ಮುಂದ. ನೀವು ಒಂದಿನ ಬಂದಿದ್ರಿ."

ಫಕೀರವ್ವ ಅವಳ ಮುಖವನ್ನು ಬಹಳ ಹೊತ್ತು ನೋಡಿದರು. "ಕನ್ನಡಕದ ಹುಡುಗಿ. ಉದ್ದ ಹೆರಳು ಇತ್ತು ನಿನಗ."

"ಹೌದ್ರಿ."

"ಅಯ್ಯ, ನೀನಽ ಏನು? ನಾ ಅವತ್ತು ಹೆದರಿಕೋಂತ ಬಂದಿದ್ದೆ. ದಿನಗಟ್ಟಲೆ ತಿರಗ್ಯಾಡಸ್ತಾರ ಅಂತ ಮಂದಿ ಹೇಳಿದ್ರು. ನೀ ಅರ್ಧ ತಾಸಿನ್ಯಾಗ ಕೈಯಾಗ ಕೊಟ್ಟಿ. ಆ ಹುಡುಗಿ ಭಾಳ ಚಲೋ ಹುಡುಗಿ ಅಂತ ಮನಿಗೆ ಬಂದು ನಮ್ಮತ್ತಿ ಮುಂದ ಹೇಳಿದ್ದೆ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅಕ್ಷತಾ ತಲೆ ತಗ್ಗಿಸಿ, ಚಾಪೆಯ ಅಂಚನ್ನೇ ನೋಡುತ್ತ, ಎಲ್ಲವನ್ನೂ ಹೇಳಿದಳು. ಆ ಅರ್ಧ ತಾಸಿನಲ್ಲಿ ಏನು ಬರೆದೆ, ಯಾರಿಗೆ ಕಳಿಸಿದೆ, ಅವರು ಯಾರಿಗೆ ಕಳಿಸಿದರು, ಅದು ಹೇಗೆ ರಾಜ್ಯವೆಲ್ಲ ಸುತ್ತಿತು. ಯಂತ್ರದ ಮಾತು ಹೇಳಲು ಹೋಗಿ ಅರ್ಧಕ್ಕೇ ಬಿಟ್ಟಳು. ಫಕೀರವ್ವನ ಕೈ ಬೀಜ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಫೋಟೋನೂ ನೀನಽ ತಗದಿದ್ದೇನು?"

"ಹೌದ್ರಿ."

"ನಮ್ಮ ತಮ್ಮನ ಮಗ ತೋರಿಸಿದ್ದ. ನನ್ನ ಬೆನ್ನು ನನಗ ಗುರುತು ಹತ್ತಲಿಲ್ಲ. ಸೀರಿ ಹತ್ತಿತು. ಆ ಸೀರಿ ಮತ್ತ ಉಡಲಿಲ್ಲ ನಾ." ಒಂದು ಬೀಜ ಬುಟ್ಟಿಗೆ ಬಿತ್ತು. "ಸಂತ್ಯಾಗ, ಗಿರಣ್ಯಾಗ, ಎಲ್ಲಿ ಹೋದ್ರೂ ಹಂಗಽ ಅಂತಿದ್ರು. ನಾ ಕೂಸು ಕಳಕೊಂಡ ಹಡದಾಕಿ ಅನ್ನೂದು ಮರತು ಆ ಹೆಸರಲೇ ಕರದ್ರು. ನಾಲ್ಕೈದು ವರ್ಷ ನಾ ಹೊರಗ ಬಾಯಿ ಬಿಡಲಿಲ್ಲ. ಏನರ ಬೇಕಾದ್ರ ಬಟ್ಟು ಮಾಡಿ ತೋರಸ್ತಿದ್ದೆ."

"ನಿಮಗ ಇಂಗ್ಲಿಷ್ ಮಾತು ತಪ್ಪಿ ಬಂತು ಅಂತ ನಾ ನಕ್ಕೆ. ನಗಬಾರದಿತ್ತು."

"ತಪ್ಪಿ ಬಂದಿದ್ದಲ್ಲ ಅದು," ಎಂದರು ಫಕೀರವ್ವ. ಈಗ ಕೈ ನಿಂತಿತು. "ಅದು ನನ್ನ ಮಗಳ ಮಾತು. ಆಕೀನ ಸಾಲಿಗೆ ಹಾಕೂಮುಂದ ಮಾಸ್ತರು ಬರ್ತ್ ಸರ್ಟಿಫಿಕೇಟ್ ತರ್ರಿ ಅಂದ್ರು. ಹಂಗಂದ್ರೇನಬೇ ಅಂದ್ಲು. ಹುಟ್ಟಿದ ಕಾಗದ ಅಂದೆ. ಹಂಗಾರ ಹುಟ್ಟಿಫಿಕೇಟು ಅಂದ್ಲು. ಅವತ್ತಿನಿಂದ ಮನ್ಯಾಗ ಎಲ್ಲಾದಕ್ಕೂ ಅದನ್ನಽ ಹಚ್ಚಿದ್ಲು. ಉಂಡ ಮ್ಯಾಲೆ ನನ್ನ ಅಂಗೈಮ್ಯಾಲೆ ಬಟ್ಟಿಲೆ ಗೀಚಿ, ತಗೋ ಉಂಡಿಫಿಕೇಟು ಅನ್ನಾಕಿ. ಅವರಪ್ಪ ಕುಡದು ಬಂದ್ರ ಅವಗ ಕುಡದಿಫಿಕೇಟು. ಆ ಮನಶಾನೂ ನಗತಿದ್ದ. ಅವತ್ತು ನಿನ್ನ ಮುಂದ ನಿಂತಾಗ ಕಾಗದದ ಹೆಸರು ನನಗ ನೆನಪಾಗಲಿಲ್ಲ. ಆಕಿ ಮಾತು ಬಾಯಾಗ ಬಂತು."

ಕೋಟಿಗಟ್ಟಲೆ ಸಂದೇಶ ಜಾಲಾಡಿ ಬೇರುಗಾಣಿ ಅಕ್ಷತಾಳ ಬೆರಳ ತುದಿಗೆ ಬಂದು ನಿಂತಿತ್ತು. ಅದರಿಂದಾಚೆಗೆ, ಎಂಟು ವರ್ಷದ ಒಂದು ಮಗು ತಾಯಿಯ ಅಂಗೈ ಮೇಲೆ ಬರೆದದ್ದನ್ನು ಓದಲು ಯಾವ ಯಂತ್ರಕ್ಕೂ ಬರುವಂತಿರಲಿಲ್ಲ. ನಲವತ್ತು ಸಾವಿರ ಹೊಸ ಪದ ಕೊಟ್ಟ ಪ್ರತ್ಯಯವನ್ನು ಮಾಡಿದ್ದು ಆ ಮಗು. ತಾನು ಮಾಡಿದ್ದು ಅದನ್ನು ಎತ್ತಿಕೊಂಡು ಹೋಗಿ ಅಣಕಿಸಿದ್ದಷ್ಟೇ.

"ಅವ್ವಾರ, ಆಕಿ ಹೆಸರನ್ನ ಪದಕೋಶದಾಗ ಬರೀತೀನಿ," ಎಂದಳು ಗಡಬಡಿಸಿ. "ಇದನ್ನ ಮಾಡಿದಾಕಿ ಆಕಿ ಅಂತ ಎಲ್ಲಾರಿಗೂ ಗೊತ್ತಾಗ್ತದ. ಎಲ್ಲಾ ಸಾಲ್ಯಾಗ ಓದ್ತಾರ." ಹೇಳುತ್ತಿದ್ದಂತೆ ಎದೆಯ ಭಾರ ಒಂದಿಷ್ಟು ಇಳಿದಂತಾಯಿತು. ಅದು ಮುಖದ ಮೇಲೂ ಕಂಡಿರಬೇಕು.

"ಬ್ಯಾಡ."

"ಯಾಕ್ರಿ?"

"ಆ ಕಾಗದ ನನಗ ಯಾಕ ಬೇಕಾಗಿತ್ತು, ಗೊತ್ತೈತೇನು ನಿನಗ? ಸಾಲಿ ನಮ್ಮ ಹಿತ್ತಲಕ್ಕ ಹಚ್ಚಿ ಐತಿ. ಆಕಿ ಹೋದ ಮ್ಯಾಲೂ ದಿನಾ ಮುಂಜಾನೆ ಹಾಜರಿ ಕೂಗೂಮುಂದ ಆಕಿ ಹೆಸರು ಕೂಗ್ತಿದ್ರು. ಹೊಸಾ ಮಾಸ್ತರು, ಅವಗ ಗೊತ್ತಿಲ್ಲ. ಹೇಳಾಕ ಹೋದ್ರ, ಕಾಗದ ಇಲ್ಲದ ಹೆಸರು ಹೊಡ್ಯಾಕ ಬರೂದಿಲ್ಲ ಅಂದ. ಇಲ್ಲೆ ಒಲಿ ಮುಂದ ಕುಂತು ನಾ ಕೇಳತಿದ್ದೆ. ಹೆಸರು ಕೂಗ್ತಾರ, ಆಮ್ಯಾಲೆ ಸುಮ್ಮಕಾಗ್ತಾರ, ಆಮ್ಯಾಲೆ ಮುಂದಿನ ಹೆಸರು. ಅದನ್ನ ನಿಲ್ಲಸಾಕಂತ ಬಂದಿದ್ದೆ ನಿನ್ನ ಕಡೆ. ನೀ ಕಾಗದ ಕೊಟ್ಟಿ, ನಿಂತಿತು. ಈಗ ಮತ್ತ ಕೂಗಸ್ತೀಯೇನು?"

ಅಕ್ಷತಾ ಬಾಯಿಗೆ ಸೆರಗು ಹಿಡಿದಳು. ಆ ಹೆಸರು ಅವಳಿಗೆ ಗೊತ್ತು. ಅರ್ಜಿಯಿಂದ ಟೈಪು ಮಾಡಿದ್ದಳು. ಆದರೆ ಆ ಭಾನುವಾರದ ನಂತರ ಅವಳು ಅದನ್ನು ಯಾರ ಮುಂದೂ ಆಡಲಿಲ್ಲ. ಈ ಕಥೆಯಲ್ಲೂ ಅದು ಬರುವುದಿಲ್ಲ.

"ಮಂದಿ ಆ ಮಾತಿಗೆ ನಗ್ತಾರ ಅಂತ ನನಗ ಸಿಟ್ಟಿಲ್ಲ," ಎಂದರು ಫಕೀರವ್ವ. "ನಗಸಾಕಂತನಽ ಆಕಿ ಅದನ್ನ ಮಾಡಿದ್ದು. ನೀವು ನಕ್ಕಿದ್ದು ಆಕಿ ಮಾತಿಗಲ್ಲ. ನನಗ ನಕ್ರಿ. ಬರಿಯೂದಿದ್ರ ನಿನ್ನ ಹೆಸರು ಬರಿ. ಆಕಿದು ನನ್ನ ಕಡೆ ಇರ್ಲಿ."

ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದರು. ಅಕ್ಷತಾ ಏಳುವಾಗ ಅವರು ತಲೆ ಎತ್ತದೆಯೇ ಅಂದದ್ದು ಒಂದೇ ಮಾತು: "ಚಪ್ಪಲಿ ಬಿಸಲಾಗ ಬಿಟ್ಟೀದಿ. ಸುಡ್ತಾವ, ನೋಡಿ ಮೆಟ್ಟು."

ಅಂದು ಸಂಜೆಯೇ ಅವಳು ವಿನಯನನ್ನೂ ಇಂಚರಾಳನ್ನೂ ಎದುರಿಗೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿದಳು. ವಿನಯ ಅವಳ ತಟ್ಟೆಗೆ ಅನ್ನ ಬಡಿಸಿದ. ಇಂಚರಾ ಮಾತ್ರ ಕೇಳಿದಳು, "ಹಂಗಾದ್ರ ಮೊನ್ನೆ ನನ್ನ ಯಾಕ ಬೈದಿ ಮಮ್ಮಿ? ತಪ್ಪು ಮಾಡಿದಾಕಿ ನೀನು." ಮೂರು ದಿನ ಹುಡುಗಿ ತಾಯಿಯೊಡನೆ ಬೇಕಾದಷ್ಟೇ ಮಾತಾಡಿದಳು.

ಟಿಪ್ಪಣಿ ಓದಿದ ನದಾಫ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ಮೂರೇ ಸಾಲು ಇದ್ದವು. 'ಮೊದಲ ಲಿಖಿತ ಬಳಕೆ (ಸತ್ತಿಫಿಕೇಟು): ಮಗುವಿನ ಮರಣ ಪ್ರಮಾಣಪತ್ರ ಕೇಳಲು ಬಂದ ತಾಯಿಯೊಬ್ಬರನ್ನು ಅಣಕಿಸಿ ಡಾ. ಅಕ್ಷತಾ ಮುಳಗುಂದ ಕಳಿಸಿದ ಸಂದೇಶ. ಅದಕ್ಕೂ ಹಿಂದೆ ಇದು ಒಂದು ಮನೆಯೊಳಗಿನ ಅಕ್ಕರೆಯ ಮಾತು. ಹೆಚ್ಚಿನದನ್ನು ಆ ಮನೆಯವರ ಇಚ್ಛೆಯಂತೆ ಬರೆದಿಲ್ಲ.'

"ಮೊನ್ನೆ ನಾನೂ ನಕ್ಕೆ," ಎಂದರು. "ಶಾಲು ಹೊದಿಸಬೇಕು ಅಂದೆ." ಟಿಪ್ಪಣಿಯನ್ನು ಅವಳತ್ತ ಸರಿಸಿ, "ಇದು ಪದಕೋಶ ಅಕ್ಷತಾ, ತಪ್ಪೊಪ್ಪಿಗಿ ಕಾಗದ ಅಲ್ಲ. ಮಂಡಳಿಯವ್ರು ಒಪ್ಪೂದಿಲ್ಲ. ನಿಮ್ಮ ನೌಕರಿಗೂ ಚಲೋ ಅಲ್ಲ."

"ಹುಟ್ಟು ಎಲ್ಲಿ ಅಂತ ಕೇಳ್ಯಾರ ಸರ್. ಹುಟ್ಟಿದ್ದು ಹಿಂಗ. ಇದನ್ನ ಬಿಟ್ಟು ಬ್ಯಾರೆ ಬರದ್ರ ನನ್ನ ಯಂತ್ರಾನೂ ಸುಳ್ಳು, ನಾನೂ ಸುಳ್ಳು."

ಮಂಡಳಿಯಲ್ಲಿ ಎರಡು ದಿನ ಜಗಳವಾಯಿತು. ಕಡೆಗೆ ಅವಳ ಹೆಸರಿನ ಮುಂದಿದ್ದ 'ಡಾ.' ಅನ್ನು ತೆಗೆದು, ಉಳಿದದ್ದನ್ನು ಇದ್ದ ಹಾಗೆಯೇ ಅಚ್ಚು ಹಾಕಿದರು.

ಬಿಡುಗಡೆಯ ಸಮಾರಂಭಕ್ಕೆ ಕಾಲೇಜಿನ ಹುಡುಗ ಹುಡುಗಿಯರೇ ತುಂಬಿದ್ದರು. ಅಕ್ಷತಾ ಆ ಮೂರು ಸಾಲು ಓದಿದಳು. 'ಸತ್ತಿಫಿಕೇಟು' ಎಂಬ ಪದ ಬಂದಾಗ ಹಿಂದಿನ ಸಾಲಿನಲ್ಲಿ ನಾಲ್ಕೈದು ಮಂದಿ ರೂಢಿಯಂತೆ ನಕ್ಕರು. ಅವಳು ನಿಲ್ಲಿಸಲಿಲ್ಲ, ಮುಂದೆ ಓದಿದಳು, ಅವರೇ ಸುಮ್ಮನಾದರು. ಬೆಂಚು, ಫೋಟೋ, ತೊಂಬತ್ತನ್ನು ತೊಂಬತ್ತೇಳು ಮಾಡಿದ್ದು, ಎಲ್ಲವನ್ನೂ ಹೇಳಿದಳು. ಸಹನಾ ಮೊದಲ ಸಾಲಿನಲ್ಲಿ ಕೂತು ನೆಲ ನೋಡುತ್ತಿದ್ದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟುವುದೋ ಬಿಡುವುದೋ ಯಾರಿಗೂ ತಿಳಿಯಲಿಲ್ಲ.

ಕೊನೆಗೆ ಒಬ್ಬ ಹುಡುಗಿ ಎದ್ದು ನಿಂತಳು. "ಮೇಡಂ, ಆ ತಾಯಿ ನಿಮ್ಮನ್ನ ಕ್ಷಮಿಸಿದ್ರೇನ್ರಿ?"

"ನಾ ಕೇಳಲಿಲ್ಲ."

"ಯಾಕ್ರಿ? ಅಷ್ಟು ದೂರ ಹೋಗಿದ್ರಿ?"

ಅಕ್ಷತಾ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಕೇಳಿದ್ರ," ಎಂದಳು, "ಅವರು ಕೊಟ್ಟುಬಿಡ್ತಾರ ಅಂತ ಹೆದರಿಕಿ ಆತು."